ಚಪ್ಪಲಿಯೊಳಗೆ ಇಲ್ಲದ ಕಲ್ಲು

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಬಲಗಾಲಿನ ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿಕೊಂಡಿದೆ ಅನ್ನಿಸಿತು. ಮಕ್ಕಳಿಗೆ ಏನೋ ಬರೆಯಲು ಕೊಟ್ಟು, ಮೇಜಿನ ಹಿಂದೆ ನಿಂತು ಚಪ್ಪಲಿ ಬಿಚ್ಚಿ ಕೊಡವಿದೆ. ಏನೂ ಬೀಳಲಿಲ್ಲ. ಹಾಕಿಕೊಂಡೆ. ಕಲ್ಲು ಅಲ್ಲೇ ಇತ್ತು. ಮತ್ತೆ ಕೊಡವಿದೆ. ಮುಂದಿನ ಬೆಂಚಿನ ಹುಡುಗಿ ಕೇಳಿದಳು, "ಮೇಡಂ, ಇರುವೆ ಕಚ್ತಾ?"

ಇರುವೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಹೆಬ್ಬೆರಳಿನಿಂದ ಎಣಿಸಿದರೆ ಮೂರನೆಯ ಮತ್ತು ನಾಲ್ಕನೆಯ ಬೆರಳು ಕೂಡುವ ಸಂದಿ ಇದೆಯಲ್ಲ, ಅದರ ಕೆಳಗೆ, ಅಂಗಾಲಿನ ಕಡೆ ಆ ಕಲ್ಲಿನ ವಾಸ. ಮೊದಮೊದಲು ದಿನಕ್ಕೊಮ್ಮೆ ಬಂದು ಹೋಗುತ್ತಿತ್ತು. ಆಮೇಲೆ ಎರಡನೇ ಪೀರಿಯಡ್ಡಿಗೆ ಬಂದರೆ ಕೊನೆಯ ಬೆಲ್ ಹೊಡೆಯುವ ತನಕ ಹೋಗುತ್ತಿರಲಿಲ್ಲ. ಇನ್ನೂ ಸ್ವಲ್ಪ ದಿನಕ್ಕೆ ಕಲ್ಲು ಕೆಂಡವಾಯಿತು. ಬಸ್ಸಿಗೆ ಓಡುವಾಗ ಎರಡು ಬೆರಳಿನ ತುದಿಯವರೆಗೆ ಕರೆಂಟ್ ಹೊಡೆದ ಹಾಗೆ ಚುರ್ ಅನ್ನುವುದು ಶುರುವಾಯಿತು. ಚಪ್ಪಲಿ ಬಿಚ್ಚಿ ಬೆರಳು ಹಿಚುಕಿದರೆ ಐದು ನಿಮಿಷ ಸುಮ್ಮನಿರುತ್ತದೆ. ಹಾಗಾಗಿ ಶಿವಮೊಗ್ಗದ ಬಸ್ ಸ್ಟ್ಯಾಂಡು, ಮದುವೆ ಮನೆಯ ಊಟದ ಪಂಕ್ತಿ, ಇಲಾಖೆಯ ಮೀಟಿಂಗು, ಎಲ್ಲೆಂದರಲ್ಲಿ ಒಂದು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುವ ಹೆಂಗಸು ನಾನಾದೆ.

ಡಾಕ್ಟರುಗಳು ಕೇಳುತ್ತಾರೆ, "ನೋವು ಎಷ್ಟಿದೆ? ಒಂದರಿಂದ ಹತ್ತರೊಳಗೆ ಹೇಳಿ." ಇದು ನನಗೆ ಯಾವತ್ತೂ ಹೇಳಲು ಬಂದಿಲ್ಲ. ಬೆಳಿಗ್ಗೆ ಎರಡು, ಸಂಜೆ ಏಳು. ಹಾಗಾದರೆ ನಾಲ್ಕೂವರೆಯಾ? ನಾನು ಕನ್ನಡ ಮೇಡಂ. ಅಂಕಿಗಿಂತ ಮಾತು ಸುಲಭ. ನಮ್ಮಲ್ಲಿ ತಲೆ ಸಿಡಿಯುತ್ತದೆ, ಸೊಂಟ ಹಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಗಾಯ ಚುರುಗುಟ್ಟುತ್ತದೆ. ಉರಿ ಬೇರೆ, ಚಳುಕು ಬೇರೆ, ಸೆಳೆತ ಬೇರೆ. ಜೋಮು ಹಿಡಿಯುವುದು ಬೇರೆ, ಮರಗಟ್ಟುವುದು ಬೇರೆ. ಇಷ್ಟೆಲ್ಲ ಮಾತು ಇಟ್ಟುಕೊಂಡು ಏಳು ಅನ್ನುವುದು ಹೇಗೆ? ನಾನು "ಉರಿ ಜಾಸ್ತಿ, ಮಧ್ಯ ಮಧ್ಯ ಚಳುಕು" ಅಂತ ಹೇಳಿದೆ. ಅವರು ಚೀಟಿಯಲ್ಲಿ 6 ಅಂತ ಬರೆದುಕೊಂಡರು.

ಕಾಯಿಲೆ ಇಂಥದ್ದು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಮೊದಲು ಸಕ್ಕರೆ ಕಾಯಿಲೆ ಇರಬಹುದು ಅಂದರು. ಶುಗರ್ ಸರಿಯಾಗಿತ್ತು. ಸಕ್ಕರೆಯಿಂದ ಬರುವ ಉರಿ ಸಾಮಾನ್ಯವಾಗಿ ಎರಡೂ ಪಾದಕ್ಕೆ ಬರುತ್ತದಂತೆ, ನನ್ನದು ಒಂದೇ ಕಾಲಿನ ಒಂದೇ ಸಂದಿ. ಬಿ12 ಕಡಿಮೆ ಇದೆ ಅಂತ ಮಾತ್ರೆ ಕೊಟ್ಟರು. ಬಿ12 ಏರಿತು, ಕಲ್ಲು ಇಳಿಯಲಿಲ್ಲ. ಅತ್ತೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ ಕಟ್ಟಿದರು. ಯಾರೋ ಮಹಾನಾರಾಯಣ ತೈಲ ಅಂದರು, ಇನ್ಯಾರೋ ಉಪ್ಪು ನೀರು ಅಂದರು. ಎಲ್ಲ ಮಾಡಿದೆ. ಒಂದಂತೂ ನಿಜ, ಪಾದ ಬಹಳ ನುಣುಪಾಯಿತು.

ಕೊನೆಗೆ ಒಬ್ಬ ಮೂಳೆ ಡಾಕ್ಟರು ಯಾವ ಮಿಷನ್ನೂ ಇಲ್ಲದೆ ಕಂಡುಹಿಡಿದರು. ಒಂದು ಕೈಯಲ್ಲಿ ಪಾದವನ್ನು ಎರಡೂ ಪಕ್ಕದಿಂದ ಅಮುಕಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಆ ಸಂದಿಯನ್ನು ಕೆಳಗಿನಿಂದ ಒತ್ತಿದರು. ಒಳಗೆ ಏನೋ 'ಟಕ್' ಅಂತ ಜಾರಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ. "ಮಾರ್ಟನ್ಸ್ ನ್ಯೂರೋಮಾ," ಅಂದರು. ಸ್ಕ್ಯಾನ್ ಮಾಡಿಸಿದಾಗಲೂ ಅದೇ ಬಂತು.

ರಿಪೋರ್ಟ್ ಓದಿದ ನಮ್ಮ ಮನೆಯವರು, 'ಓಮಾ' ಅಂತ ಮುಗಿಯುವುದೆಲ್ಲ ಗೆಡ್ಡೆ ಅಂತ ಎಲ್ಲೋ ಕೇಳಿದ್ದವರು, ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಅದು ಗೆಡ್ಡೆ ಅಲ್ಲ. ಬೆರಳಿಗೆ ಹೋಗುವ ನರ ಎರಡು ಮೂಳೆಗಳ ನಡುವೆ, ಒಂದು ಬಿಗಿಯಾದ ಪಟ್ಟಿಯ ಕೆಳಗೆ ನುಸುಳಿಕೊಂಡು ಹೋಗುತ್ತದೆ. ಅಲ್ಲಿ ತಿಕ್ಕಿ ತಿಕ್ಕಿ ಅದರ ಸುತ್ತ ನಾರು ಬೆಳೆದು ದಪ್ಪವಾಗುತ್ತದೆ. ದಪ್ಪವಾದಷ್ಟೂ ಇನ್ನಷ್ಟು ತಿಕ್ಕುತ್ತದೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ, ಮುಂದೆ ಇಕ್ಕಟ್ಟಾದ ಪಾದರಕ್ಷೆ ಹಾಕುವವರಿಗೆ ಬರುತ್ತದೆ. ಇದೇ ಸಂದಿಗೆ ಯಾಕೆ ಅಂತ ಕೇಳಿದೆ. ಪಾದದ ಒಳಬದಿಯಿಂದ ಒಂದು, ಹೊರಬದಿಯಿಂದ ಒಂದು, ಎರಡು ನರದ ಕವಲುಗಳು ಬಹಳ ಜನರಲ್ಲಿ ಇಲ್ಲೇ ಬಂದು ಸೇರುತ್ತವೆ, ಹಾಗಾಗಿ ಇಲ್ಲಿ ನರ ಕೊಂಚ ದಪ್ಪ ಅನ್ನುವುದು ಒಂದು ವಿವರಣೆಯಂತೆ. "ನಮ್ಮ ಕೂಡ್ಲಿ ಇದ್ದ ಹಾಗೆ," ಅಂದರು ಡಾಕ್ಟರು. ತುಂಗೆ ಭದ್ರೆ ಸೇರುವ ಕೂಡ್ಲಿಗೆ ವರ್ಷಕ್ಕೆ ಒಂದೆರಡು ಸಲ ಹೋಗುವವಳು ನಾನು. ಕಾಲಲ್ಲೂ ಒಂದು ಕೂಡ್ಲಿ ಇದೆ ಅಂತ ಗೊತ್ತಿರಲಿಲ್ಲ.

ಈ ಮಾರ್ಟನ್ ಯಾರು ಅಂತ ಹುಡುಕಿದೆ. ಅಮೆರಿಕದ ಫಿಲಡೆಲ್ಫಿಯಾದ ಸರ್ಜನ್, 1876ರಲ್ಲಿ ಈ ನೋವಿನ ಬಗ್ಗೆ ಬರೆದವರು. ತಮಾಷೆ ಏನೆಂದರೆ, ಅವರು ತೊಂದರೆ ಇರುವುದು ನಾಲ್ಕನೇ ಬೆರಳಿನ ಬುಡದ ಕೀಲಿನಲ್ಲಿ ಅಂದುಕೊಂಡು ಆ ಕೀಲನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಅವರಿಗಿಂತ ಮೂವತ್ತೊಂದು ವರ್ಷ ಮೊದಲೇ, 1845ರಲ್ಲಿ, ಇಂಗ್ಲೆಂಡಿನಲ್ಲಿ ಲೂಯಿಸ್ ಡರ್ಲಾಕರ್ ಅನ್ನುವವರು ಇದು ನರದ ನೋವು ಅಂತ ಬರೆದಿದ್ದರು. ಅವರದು ಕಾಲಿನ ಆಣಿ, ಉಗುರು ನೋಡುವ ಕಸುಬು. ಸರಿಯಾಗಿ ಹೇಳಿದವರ ಹೆಸರು ಯಾರಿಗೂ ನೆನಪಿಲ್ಲ, ತಪ್ಪು ಜಾಗ ಕತ್ತರಿಸಿದವರ ಹೆಸರು ನನ್ನ ರಿಪೋರ್ಟಿನ ಮೇಲೆ. ಆಪರೇಷನ್ನಿಗೆ ಹೂಂ ಅನ್ನಬೇಕಾದವಳು ಇಂಥದ್ದನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಓದಬಾರದು.

ಆಪರೇಷನ್ನಿಗೆ ಮುಂಚೆ ಮಾಡುವುದು ಬೇಕಾದಷ್ಟಿತ್ತು. ಮುಂದೆ ಅಗಲ ಇರುವ ಶೂ ಹಾಕಿ ಅಂದರು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿ ಹೋದ ಮೊದಲ ದಿನ ಮಕ್ಕಳು ನಕ್ಕರು. ನಮ್ಮ ಪಿಟಿ ಮೇಷ್ಟ್ರು ಮಾತ್ರ ನಗದೆ, ಮುಂದಿನ ಎರಡು ತೂತಿಗೆ ಲೇಸ್ ಹಾಕಬೇಡಿ ಮೇಡಂ, ಬೆರಳಿಗೆ ಜಾಗ ಸಿಗುತ್ತೆ ಅಂತ ಹೇಳಿಕೊಟ್ಟರು. ಅದು ನಿಜಕ್ಕೂ ಉಪಯೋಗವಾಯಿತು. ಶೂ ಒಳಗೆ ಅಂಟಿಸುವ ಸಣ್ಣ ದಿಂಬಿನಂಥ ಪ್ಯಾಡ್ ಸಿಗುತ್ತದೆ. ಅದನ್ನು ನೋವಿನ ಜಾಗಕ್ಕೇ ಇಡಬಾರದು, ಅದಕ್ಕಿಂತ ಸ್ವಲ್ಪ ಹಿಂದೆ ಇಡಬೇಕು. ಆಗ ಮೂಳೆಗಳು ಅಗಲವಾಗಿ ನರಕ್ಕೆ ದಾರಿ ಬಿಡುತ್ತವೆ. ನಾನು ಮೊದಲ ಎರಡು ವಾರ ಸರಿಯಾಗಿ ನೋವಿನ ಮೇಲೇ ಇಟ್ಟು ಹಲ್ಲು ಕಚ್ಚಿಕೊಂಡು ಓಡಾಡಿದೆ. ಯಾರೂ ಹೇಳಿರಲಿಲ್ಲ.

ಆದರೆ ಶೂ ಇರುವುದು ಹೊರಗಿನ ಕಾಲಿಗೆ. ನಮ್ಮ ಜೀವನದ ಅರ್ಧ ಬರಿಗಾಲಲ್ಲಿ ಅಲ್ವಾ? ಅಡುಗೆಮನೆ, ದೇವರ ಮನೆ, ನೆಂಟರ ಮನೆಯ ಹೊಸ್ತಿಲು, ದೇವಸ್ಥಾನದ ಕಲ್ಲು ಹಾಸು. ಮನೆಯೊಳಗೆ ಹಾಕಲೆಂದು ಬೇರೆ ಚಪ್ಪಲಿ ತಂದೆ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅದನ್ನು ಬಿಡಲು ಒಂದು ಗೋಣಿ ತಾಟು ಹಾಸಿಟ್ಟರು, ಅಷ್ಟೆ. ಅದು ಒಪ್ಪಿಗೆಯೋ ಗಡಿಯೋ ನನಗೆ ಇನ್ನೂ ಗೊತ್ತಾಗಿಲ್ಲ.

ನರದ ನೋವಿಗೆ ಅಂತ ಒಂದು ಮಾತ್ರೆ ಕೊಟ್ಟರು. ಉರಿ ಸ್ವಲ್ಪ ಕಡಿಮೆಯಾಯಿತು, ಜೊತೆಗೆ ನಾನೂ ಸ್ವಲ್ಪ ಕಡಿಮೆಯಾದೆ. ಒಂದು ದಿನ ಹತ್ತನೇ ಕ್ಲಾಸಿನಲ್ಲಿ ಲೋಪಸಂಧಿಗೆ ಉದಾಹರಣೆ ಅಂತ 'ಮನೆಯನ್ನು' ಅಂತ ಬರೆದೆ. ಹಿಂದಿನ ಬೆಂಚಿನವನು ಎದ್ದು "ಮೇಡಂ, ಅದು ಆಗಮ" ಅಂದ. ಅವನು ಇಡೀ ವರ್ಷದಲ್ಲಿ ಕೊಟ್ಟ ಒಂದೇ ಸರಿ ಉತ್ತರ ಅದು. ಮರುದಿನ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬೇಡ ಅಂದೆ, ಅವರು ಹೇಳಿದ ಹಾಗೆ ಮೆಲ್ಲಗೆ ಕಡಿಮೆ ಮಾಡಿ ಬಿಟ್ಟೆ. ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್. ಮೊದಲನೆಯದು ನಾಲ್ಕು ತಿಂಗಳು ಸ್ವರ್ಗ ತೋರಿಸಿತು. ಎರಡನೆಯದು ಐದು ವಾರ. ಮೂರನೆಯದು ಬೇಡ ಅಂದರು. ಪದೇ ಪದೇ ಹಾಕಿದರೆ ಅಂಗಾಲಿನ ಮೆತ್ತನೆಯ ಕೊಬ್ಬೇ ಕರಗಬಹುದಂತೆ.

"ಇನ್ನು ಆಪರೇಷನ್ನೇ," ಅಂದರು ಊರಿನ ಸರ್ಜನ್. "ಸಣ್ಣದು. ಪಾದದ ಮೇಲ್ಗಡೆಯಿಂದ ಕುಯ್ದು ಆ ನರದ ತುಂಡು ತೆಗೆದುಬಿಡ್ತೀವಿ. ಸಂಜೆಗೆ ಮನೆಗೆ ಹೋಗಬಹುದು."

ನರದ ತುಂಡು ತೆಗೆಯುವುದು ಅನ್ನುವ ಮಾತು ಮನೆಗೆ ಬರುವಷ್ಟರಲ್ಲಿ 'ನರ ಕಟ್ ಮಾಡ್ತಾರಂತೆ' ಆಗಿತ್ತು. ಅಲ್ಲಿಂದ ಶುರುವಾಯಿತು ನೋಡಿ. ಕನ್ನಡದಲ್ಲಿ ನಮಗೆ ಎಲ್ಲವೂ ನರವೇ. ರಕ್ತ ತೆಗೆಯಲು ಸೂಜಿ ಚುಚ್ಚುವುದೂ ನರಕ್ಕೆ, ಕುತ್ತಿಗೆಯಲ್ಲಿ ಹಿಡಿದುಕೊಳ್ಳುವುದೂ ನರ, ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಕಾಣುವುದೂ ನರ, ಸಿಟ್ಟು ಬಂದಾಗ ಹಣೆಯ ಮೇಲೆ ಉಬ್ಬುವುದೂ ನರ. ನೋವಿಗೆ ಅಷ್ಟೊಂದು ಹೆಸರಿಟ್ಟ ಭಾಷೆ ಇಲ್ಲಿ ಮಾತ್ರ ಒಂದೇ ಪದದಲ್ಲಿ ಸಂಸಾರ ಸಾಗಿಸುತ್ತದೆ. ಹಾಗಾಗಿ ಒಬ್ಬೊಬ್ಬರೂ ಅವರವರ ನರವನ್ನು ಊಹಿಸಿಕೊಂಡು ಹೆದರಿದರು. ಅತ್ತೆಗೆ ರಕ್ತ ನಿಲ್ಲುವುದಿಲ್ಲವೇನೋ ಅಂತ. ಮೈದುನನಿಗೆ ಪಾದ ಜೋತು ಬೀಳುತ್ತದೇನೋ ಅಂತ. ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಅಮ್ಮ ಫೋನ್ ಮಾಡಿ, "ಕಾಲೇ ಬಿದ್ದು ಹೋಗಲ್ವೇನೇ?" ಅಂತ ಕೇಳಿದಳು. ಬೆರಳು ಆಡಿಸುವ ನರವಲ್ಲಮ್ಮ, ಮುಟ್ಟಿದ್ದು ಗೊತ್ತಾಗುವ ನರ, ಎರಡು ಬೆರಳಿನ ಸಂದಿಗೆ ಮಾತ್ರ ಸೇರಿದ್ದು ಅಂತ ಎಷ್ಟು ಬಿಡಿಸಿ ಹೇಳಿದರೂ "ಆದ್ರೂ ನರ ಅಲ್ವಾ" ಅಂದಳು.

ಎಲ್ಲರಿಗೂ ಧೈರ್ಯ ಹೇಳುತ್ತಾ ಹೇಳುತ್ತಾ ನನ್ನದೇ ಧೈರ್ಯ ಖರ್ಚಾಯಿತು. ಗೊತ್ತು ಮಾಡಿದ್ದ ದಿನಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಆಸ್ಪತ್ರೆಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳಿದೆ.

ಸುಳ್ಳು ಹೇಳಿದ್ದು ಯಾಕೆ ಅಂತ ಆಮೇಲೆ ಕೂತು ಯೋಚಿಸಿದೆ. ಕತ್ತರಿಗೆ ಹೆದರಿದ್ದಲ್ಲ, ಸಿಸೇರಿಯನ್ ಆದವಳು ನಾನು. ಹೆದರಿದ್ದು ಸರ್ಜನ್ ಕೊನೆಯಲ್ಲಿ ಎದ್ದು ನಿಲ್ಲುತ್ತಾ ಹೇಳಿದ ಒಂದು ಮಾತಿಗೆ. "ಆ ಸಂದಿ ಮಾತ್ರ ಶಾಶ್ವತವಾಗಿ ಮರಗಟ್ಟಿರುತ್ತೆ. ಅದೇನೂ ತೊಂದರೆ ಇಲ್ಲ." ನಾನು ಅಲ್ಲಿಯವರೆಗೆ ಇದನ್ನು ಲೋಪಸಂಧಿ ಅಂದುಕೊಂಡಿದ್ದೆ. ಊರು, ಅಲ್ಲಿ ಸೇರಿ ಊರಲ್ಲಿ ಆಗುವ ಹಾಗೆ, ಒಂದು ಅಕ್ಷರ ಬಿಟ್ಟು ಹೋಗುತ್ತದೆ, ಅಷ್ಟೆ, ನೋವು ಹೋಗುತ್ತದೆ. ಇದು ಆದೇಶಸಂಧಿ. ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರ ಹೋಗುತ್ತದೆ, ಆದರೆ ಜಾಗ ಖಾಲಿ ಬಿಡುವುದಿಲ್ಲ, ಗಕಾರ ಬಂದು ಕೂರುತ್ತದೆ. ಉರಿ ಹೋಗುವ ಜಾಗಕ್ಕೆ ಮರಗಟ್ಟುವುದು ಬಂದು ಕೂರುತ್ತದೆ. ನಾನು ಆರಿಸಬೇಕಾದದ್ದು ನೋವು ಬೇಕೋ ಬೇಡವೋ ಅನ್ನುವುದನ್ನಲ್ಲ. ಇದು ಬೇಕೋ, ಅದು ಬೇಕೋ. 'ಅದು' ಹೇಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅದೇ ಸಮಯಕ್ಕೆ ಎಂಸಿಆರ್ ಚಪ್ಪಲಿ ಕೊಳ್ಳಲು ಹೋದಾಗ ಅಂಗಡಿಯವರ ಜೊತೆ ಮಾತು ಬಂತು. ಈ ಮೆತ್ತನೆಯ ರಬ್ಬರಿನ ಚಪ್ಪಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದದ್ದು ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗಾಗಿ. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅಂತ ಇದ್ದರು, 1946ರಲ್ಲಿ ಅಲ್ಲಿಗೆ ಬಂದವರು. ಆ ರೋಗಿಗಳ ಬೆರಳು ತಾನಾಗಿ ಕೊಳೆತು ಬೀಳುವುದಲ್ಲ, ನೋವು ಗೊತ್ತಾಗದೆ ಸುಟ್ಟುಕೊಂಡು, ಚುಚ್ಚಿಕೊಂಡು, ಗಾಯದ ಮೇಲೇ ನಡೆದು ಹಾಳಾಗುವುದು ಅಂತ ತೋರಿಸಿಕೊಟ್ಟವರು. ಇದನ್ನು ತಿಳಿದ ಮೇಲೆ ನನ್ನ ಉರಿಯ ಮೇಲೆ ಸ್ವಲ್ಪ ಗೌರವ ಬಂತು. ಹೌದು, ನನ್ನದು ಇಡೀ ಪಾದವಲ್ಲ, ಒಂದು ಸಂದಿ. ಗೊತ್ತು. ಹೆದರಿಕೆಗೆ ಅಳತೆ ಗೊತ್ತಾಗುವುದಿಲ್ಲ.

ಮಗಳು ಬೆಂಗಳೂರಿನಲ್ಲಿದ್ದಾಳೆ. "ಇನ್ನೊಬ್ರ ಹತ್ರ ತೋರಿಸಮ್ಮ, ಫೋನಲ್ಲಿ ಅಳ್ಬೇಡ," ಅಂತ ಕರೆಸಿಕೊಂಡಳು. ಅಲ್ಲಿಯ ಡಾಕ್ಟರು ಕಾಲು ಮಾತ್ರ ನೋಡಿದವರಲ್ಲ. ಮನೆಯಲ್ಲಿ ಬರಿಗಾಲಾ, ಎಷ್ಟು ಹೊತ್ತು ನಿಲ್ಲುತ್ತೀರಿ, ರಿಟೈರ್ ಆಗಲು ಎಷ್ಟು ವರ್ಷ, ಎಲ್ಲ ಕೇಳಿದರು. ಒಂಬತ್ತು ವರ್ಷ ಅಂದೆ. ನಾವೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ. "ನಿಮ್ಮ ಅಕ್ಕನಿಗೆ ಆಗಿದ್ರೆ ಏನು ಮಾಡ್ತಿದ್ರಿ ಡಾಕ್ಟ್ರೇ?"

"ಅಕ್ಕ ಕೂತು ಕೆಲಸ ಮಾಡೋರಾದ್ರೆ ಬೇಡ ಅಂತಿದ್ದೆ," ಅಂದರು. ಆಮೇಲೆ ಊರಿನಲ್ಲಿ ಯಾರೂ ಹೇಳದಿದ್ದದ್ದನ್ನು ಹೇಳಿದರು. ಹತ್ತರಲ್ಲಿ ಎಂಟು ಜನರಿಗೆ ಚೆನ್ನಾಗಾಗುತ್ತದೆ. ಉಳಿದ ಇಬ್ಬರಿಗೆ ಪೂರ್ತಿ ಹೋಗುವುದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು. ಕತ್ತರಿಸಿದ ನರದ ತುದಿ ಸುಮ್ಮನಿರುವುದಿಲ್ಲ. ಕಡಿದ ಮರದ ಬುಡ ಚಿಗುರುವ ಹಾಗೆ ಬೆಳೆಯಲು ನೋಡುತ್ತದೆ, ದಾರಿ ಸಿಗದೆ ಅಲ್ಲೇ ಗಂಟು ಕಟ್ಟಿಕೊಳ್ಳಬಹುದು. ಅದು ಭಾರ ಬೀಳುವ ಜಾಗದಲ್ಲಾದರೆ ಮತ್ತೆ ಅದೇ ಕಥೆ, ಎರಡನೇ ಆಪರೇಷನ್ ಮೊದಲಿನಷ್ಟು ಸುಲಭವಲ್ಲ. ಹಾಗಾಗದಿರಲಿ ಅಂತ ನರವನ್ನು ಸಾಕಷ್ಟು ಹಿಂದಕ್ಕೆ, ಮೆತ್ತನೆಯ ಮಾಂಸದ ಕಡೆಗೆ ಹೋಗುವ ಹಾಗೆ ಕತ್ತರಿಸುತ್ತಾರೆ. ನರ ಮುಟ್ಟದೆ ಬರೀ ಮೇಲಿನ ಪಟ್ಟಿ ಬಿಡಿಸುವುದೂ ಒಂದಿದೆ, ನಿಮ್ಮದು ಇಷ್ಟು ದಪ್ಪ ಆಗಿರುವಾಗ ಅದರಲ್ಲಿ ನನಗೆ ನಂಬಿಕೆ ಕಡಿಮೆ ಅಂದರು. ಇನ್ನೊಂದು ಮಾತೂ ಹೇಳಿದರು. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಇಂಥ ದಪ್ಪ ನರ ಕಾಣುತ್ತದೆ, ಫಿಲ್ಮ್ ನೋಡಿ ಆಪರೇಷನ್ ಮಾಡುವುದಲ್ಲ.

ಮರಗಟ್ಟುವುದು ಹೇಗಿರುತ್ತೆ ಅನ್ನೋದೇ ನನ್ನ ಹೆದರಿಕೆ ಅಂತ ಹೇಳಿದೆ. ಅವರು ಒಂದು ನಿಮಿಷ ಯೋಚಿಸಿ, "ತೋರಿಸ್ತೀನಿ ಬನ್ನಿ," ಅಂದರು. ಹಲ್ಲು ಕೀಳುವಾಗ ಕೊಡುವಂಥ ಇಂಜೆಕ್ಷನ್ನು, ಸ್ಟೀರಾಯ್ಡ್ ಇಲ್ಲದೆ, ಸರಿಯಾಗಿ ಆ ಸಂದಿಗೆ ಕೊಟ್ಟರು. "ಎರಡು ಮೂರು ಗಂಟೆ ಇರುತ್ತೆ. ಓಡಾಡಿ. ಆಪರೇಷನ್ ಆದ್ಮೇಲೆ ಹೆಚ್ಚು ಕಡಿಮೆ ಹೀಗೇ ಇರುತ್ತೆ ಅಂದ್ಕೊಳ್ಳಿ. ನೋವು ಹೋಗುತ್ತಾ ಇಲ್ವಾ ಅಂತ ನನಗೂ ಗೊತ್ತಾಗುತ್ತೆ."

ನಾವು ಲಾಲ್‌ಬಾಗಿಗೆ ಹೋದೆವು. ಅಲ್ಲಿ ಕೆಂಪೇಗೌಡರ ಗೋಪುರ ಇರುವ ದೊಡ್ಡ ಬಂಡೆ ಇದೆಯಲ್ಲ, 300 ಕೋಟಿ ವರ್ಷ ಹಳೆಯದು ಅಂತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದೆ. ಕಲ್ಲು ಬೆಚ್ಚಗಿತ್ತು. ಹಿಮ್ಮಡಿಗೆ ಬೆಚ್ಚಗೆ, ಹೆಬ್ಬೆರಳಿಗೆ ಬೆಚ್ಚಗೆ, ಕಿರುಬೆರಳಿಗೂ ಬೆಚ್ಚಗೆ. ನಡುವೆ ಎರಡು ಬೆರಳಿನ ಪಕ್ಕೆಗಳು ಮಾತ್ರ ಏನೂ ಹೇಳಲಿಲ್ಲ. ಬೇರೆ ಯಾರದೋ ಬೆರಳು ನನ್ನ ಕಾಲಿಗೆ ತಾಗಿಕೊಂಡಿರುವ ಹಾಗೆ. ಮುಟ್ಟಿ ನೋಡಿದೆ. ಕೈಗೆ ಕಾಲು ಗೊತ್ತಾಗುತ್ತದೆ, ಕಾಲಿಗೆ ಕೈ ಗೊತ್ತಾಗುವುದಿಲ್ಲ. ಒಂಥರಾ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಮಗಳು ಅವಳ ಆಫೀಸಿನ ಜಗಳ ಶುರು ಮಾಡಿದಳು. ಯಾರೋ ಅವಳ ಕೆಲಸವನ್ನು ತಮ್ಮದು ಅಂತ ತೋರಿಸಿದ್ದರಂತೆ. ನನಗೆ ಸಿಟ್ಟು ಬಂತು. ಬಂಡೆ ಇಳಿದೆವು, ಚಪ್ಪಲಿ ಹಾಕಿಕೊಂಡು ಗಾಜಿನ ಮನೆಯ ಕಡೆ ಹೋದೆವು, ಕೆರೆಯ ಕಡೆ ಹೋದೆವು, ಅವರಿಗೆ ಏನು ಹೇಳಬೇಕಿತ್ತು ಅಂತ ನಾನು ಅವಳಿಗೆ ಹೇಳಿಕೊಡುತ್ತಲೇ ಇದ್ದೆ. ಅವಳು ಇದ್ದಕ್ಕಿದ್ದಂತೆ ನಿಂತಳು. "ಅಮ್ಮ, ನೀನು ಇವತ್ತು ಒಂದ್ಸಲನೂ ಕೂತ್ಕೊಳ್ಳೋಣ ಅಂದಿಲ್ಲ."

ಗಡಿಯಾರ ನೋಡಿದೆ. ಒಂದು ಗಂಟೆಯ ಮೇಲಾಗಿತ್ತು. ಸ್ಟೀರಾಯ್ಡ್ ಕೆಲಸ ಮಾಡಿದ ದಿನಗಳನ್ನು ಬಿಟ್ಟರೆ, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಕಾಲು ನನಗೆ ಮರೆತು ಹೋಗಿತ್ತು. ಮರಗಟ್ಟಿದ್ದನ್ನೂ ಮರೆತಿದ್ದೆ. ಉರಿಯನ್ನು ಹೀಗೆ ಮರೆಯಲು ಒಂದು ದಿನವೂ ಆಗಿರಲಿಲ್ಲ, ಅದು ಪ್ರತಿ ಹೆಜ್ಜೆಗೂ ನಾನಿದ್ದೇನೆ ಅನ್ನುತ್ತದೆ.

ಸಂಜೆ ರೈಲಿನಲ್ಲಿ ತುಮಕೂರು ದಾಟುವಾಗ ಬೆರಳಿನ ತುದಿ ಜುಮ್ಮೆನ್ನಲು ಶುರುವಾಯಿತು. ಅರಸೀಕೆರೆ ಬರುವಷ್ಟರಲ್ಲಿ ಕಲ್ಲು ವಾಪಸ್ ಬಂದು ತನ್ನ ಜಾಗದಲ್ಲಿ ಕೂತಿತ್ತು. ಇಷ್ಟು ಹೊತ್ತು ಎಲ್ಲಿಗೆ ಹೋಗಿತ್ತೋ. ಬೀರೂರು, ಭದ್ರಾವತಿ, ಉದ್ದಕ್ಕೂ ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಂಡೇ ಬಂದೆ. ಎದುರಿಗೆ ಕೂತ ಹೆಂಗಸು, "ಹಿಮ್ಮಡಿ ನೋವಾ? ಎಕ್ಕದ ಎಲೆ ಕಟ್ಟಿ," ಅಂದರು.

ಆ ಮೂರು ಗಂಟೆ ಎಲ್ಲವನ್ನೂ ತೋರಿಸಲಿಲ್ಲ ಅಂತ ಗೊತ್ತು. ಆ ಇಬ್ಬರಲ್ಲಿ ನಾನು ಒಬ್ಬಳಾಗುತ್ತೀನಾ ಅನ್ನುವುದನ್ನು ಯಾವ ಇಂಜೆಕ್ಷನ್ನೂ ತೋರಿಸುವುದಿಲ್ಲ. ಕುರ್ಚಿ ಹಾಕಿಕೊಂಡು ಪಾಠ ಮಾಡಿ ಅಂತ ಹೆಡ್ ಮಾಸ್ಟರು ಹೇಳಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ಒಂದು ವಾರ ಮಾಡಿಯೂ ನೋಡಿದೆ. ಹಿಂದಿನ ಎರಡು ಬೆಂಚು ನನ್ನ ಪಾಲಿಗೆ ಇಲ್ಲವೇ ಆಯಿತು. ಆಗಮ ಅಂತ ಹೇಳಿದವನು ಕೂರುವುದು ಅಲ್ಲೇ.

ಹತ್ತನೇ ಕ್ಲಾಸಿನ ಪರೀಕ್ಷೆ, ಆಮೇಲೆ ಮೌಲ್ಯಮಾಪನ, ಎಲ್ಲ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ಮಾಡಿಸುವುದು ಅಂತ ಗೊತ್ತಾಗಿದೆ. ಮೇ ಎರಡನೇ ವಾರ. ಎರಡು ಮೂರು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಶಾಲೆ ಶುರುವಾದ ಮೇಲೆ ಕೆಲವು ದಿನ ಕುರ್ಚಿ ಬೇಕಾಗಬಹುದು. ಕಾಲುಂಗುರ ತೆಗೆಯಬೇಕು ಅಂದಿದ್ದಾರೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಸೋಪು ಹಾಕಿ ಎಳೆದರೂ ಬರುತ್ತಿಲ್ಲ. ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಿಕೊಂಡು ಬರಬೇಕು.

ಮೊನ್ನೆ ಅಮ್ಮನಿಗೆ ದಿನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಳೆಗಾಲಕ್ಕೆ ತೋಟಕ್ಕೆ ಬಂದಾಗ ಆ ಸಂದಿ ದಿನಾ ನೋಡ್ಕೋ. ಉಂಬಳ ಕಚ್ಚಿ ಕೂತಿದ್ರೂ ಗೊತ್ತಾಗಲ್ಲ ನಿಂಗೆ," ಅಂದಳು.

"ಉಂಬಳ ಕಚ್ಚಿದ್ದು ಈಗ್ಲೂ ಗೊತ್ತಾಗಲ್ಲಮ್ಮ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ಇಷ್ಟು ದಿನ ಯಾಕೆ ಯೋಚನೆ ಮಾಡ್ತಿದ್ದೆ?" ಅಂದಳು.